ಹೊಂಗೆ ಎಣ್ಣೆ ಕುಡಿಯುವ ಟ್ರ್ಯಾಕ್ಸು

ನಮ್ಮ ತೋಟದ ಟ್ರ್ಯಾಕ್ಸು ಜೀಪು ಹೊಂಗೆ ಎಣ್ಣೆಯಲ್ಲಿ ಓಡುತ್ತದೆ ಅನ್ನೋ ಸುದ್ದಿ ನೆಂಟರಿಗೆಲ್ಲ ಮುಟ್ಟಿದ ಮೇಲೆ ಮದುವೆ ಮನೆಗಳಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳೇ ಬದಲಾಗಿವೆ. ಮೊದಲೆಲ್ಲ ಕಾಲೇಜು, ಸಂಬಳ, ಟ್ರಾನ್ಸ್‌ಫರ್ ಅಂತ ವಿಚಾರಿಸುತ್ತಿದ್ದರು. ಈಗ ಪಂಕ್ತಿಯಲ್ಲಿ ಪಕ್ಕ ಕೂತವರು, "ಅಲ್ಲಮ್ಮಾ, ಪಾಮಾಯಿಲ್ ಹಾಕಿದ್ರೆ ನನ್ನ ಕಾರೂ ಓಡುತ್ತಾ?" ಅನ್ನುತ್ತಾರೆ. ಹೋಳಿಗೆ ಬರುವಷ್ಟರಲ್ಲಿ ಪೂರ್ತಿ ಉತ್ತರ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಲಿಂಕ್ ಕಳಿಸಿದರಾಯ್ತು.

ಓಡುತ್ತದೆ. ಯಾವ ಡೀಸೆಲ್ ಎಂಜಿನ್ನಿಗೆ ಯಾವ ಎಣ್ಣೆ ಸುರಿದರೂ ಹೆಚ್ಚುಕಡಿಮೆ ಮೊದಲ ದಿನ ಓಡುತ್ತದೆ. ಆ ಮೊದಲ ದಿನದ್ದನ್ನೇ ವಿಡಿಯೋ ಮಾಡಿ ಹಾಕುತ್ತಾರೆ. ಆರು ತಿಂಗಳಾದ ಮೇಲೆ ಎಂಜಿನ್ನಿನ ಹೆಡ್ ಬಿಚ್ಚಿ ಒಳಗಿನ ಮಸಿ ತೋರಿಸುವ ವಿಡಿಯೋ ಯಾರೂ ಹಾಕುವುದಿಲ್ಲ. ಹಾಗಾಗಿ ಓಡುತ್ತಾ ಅಂತ ಕೇಳುವವರಿಗೆ ನಾನು ಮೂರು ಪ್ರಶ್ನೆ ವಾಪಸ್ ಕೇಳುತ್ತೇನೆ. ಎಂಜಿನ್ ಯಾವುದು? ಎಣ್ಣೆ ಎಷ್ಟು ಬಿಸಿ ಮಾಡುತ್ತೀರಿ? ಬೀಜ ಯಾರದು? ಮೂರನೆಯದು ಕೇಳಿದಾಗ ಎಲ್ಲರೂ ನಗುತ್ತಾರೆ. ಆದರೆ ಲೆಕ್ಕ ಕೆಡುವುದು ಅಲ್ಲೇ.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ಅರಸೀಕೆರೆ ತಾಲ್ಲೂಕು. ತೆಂಗಿನ ತೋಟ ನೋಡಿಕೊಳ್ಳುವವನು ತಮ್ಮ. ಟ್ರ್ಯಾಕ್ಸು ಅಪ್ಪನದು. ಬಾಣಾವರ, ಜಾವಗಲ್ ಕಡೆಗೆ ಮ್ಯಾಕ್ಸಿಕ್ಯಾಬ್ ಆಗಿ ವರ್ಷಗಟ್ಟಲೆ ಓಡಿದ ಗಾಡಿ. ಒಳಗೆ ಎಷ್ಟು ಜನ, ಟಾಪ್ ಮೇಲೆ ಎಷ್ಟು ಜನ ಅಂತ ಅಪ್ಪ ಇವತ್ತಿಗೂ ಹೇಳುವುದಿಲ್ಲ. ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನೋ ಸರ್ಟಿಫಿಕೇಟು, ಮುಗಿದ ಮೇಲೆ ಮತ್ತೆ ಮಾಡಿಸಲಿಲ್ಲ. ಗುಜರಿಗೆ ಹಾಕೋಕೆ ಅಪ್ಪನಿಗೆ ಮನಸ್ಸು ಬರಲಿಲ್ಲ. ಈಗ ಅದು ರಸ್ತೆಗೆ ಇಳಿಯುವುದಿಲ್ಲ. ತೋಟದ ಒಳಗೇ ಕಾಯಿ, ಗರಿ, ಗೊಬ್ಬರ ಹೊರುತ್ತದೆ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿ ಬರೆದಿರುವುದಕ್ಕೆ ಹೊಂದದ ಹಾಗೆ ಗಾಡಿಯನ್ನು ನಮಗೆ ಬೇಕಾದಂತೆ ಬದಲಾಯಿಸುವ ಹಾಗಿಲ್ಲ. ರಸ್ತೆ ಮೇಲೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇಂಥದ್ದನ್ನು. ನಮ್ಮ ಪ್ರಯೋಗವೆಲ್ಲ ಬೇಲಿಯ ಒಳಗಿನದು.

ಇನ್ನು ವಾಟ್ಸಾಪ್ ಇತಿಹಾಸ. "ಡೀಸೆಲ್ ಎಂಜಿನ್ ಕಂಡುಹಿಡಿದವನು ಅದನ್ನು ಮಾಡಿದ್ದೇ ಕಡಲೆಕಾಯಿ ಎಣ್ಣೆಗೆ, ಪೆಟ್ರೋಲಿಯಂ ಕಂಪನಿಗಳು ಅದನ್ನು ಮುಚ್ಚಿಹಾಕಿದವು" ಅಂತ ಒಂದು ಫಾರ್ವರ್ಡ್ ವರ್ಷಕ್ಕೊಮ್ಮೆ ಬರುತ್ತದೆ. ಅರ್ಧ ನಿಜ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೊ (Otto) ಅನ್ನೋ ಕಂಪನಿಯವರು ಒಂದು ಚಿಕ್ಕ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದು ನಿಜ. ಅದನ್ನು ಕೇಳಿದ್ದು ಫ್ರೆಂಚ್ ಸರ್ಕಾರ. ಆಫ್ರಿಕಾದ ಅವರ ವಸಾಹತುಗಳಲ್ಲಿ ಕಡಲೆಕಾಯಿ ಧಾರಾಳವಾಗಿ ಬೆಳೆಯುತ್ತಿತ್ತು, ಅಲ್ಲಿಗೆ ಕಲ್ಲಿದ್ದಲೋ ಎಣ್ಣೆಯೋ ಸಾಗಿಸುವುದು ತಪ್ಪಲಿ ಅಂತ. ಆ ಎಂಜಿನ್ ಮಾಡಿದ್ದು ಖನಿಜ ತೈಲಕ್ಕೇ. ಏನೂ ಬದಲಾಯಿಸದೆ ಕಡಲೆಕಾಯಿ ಎಣ್ಣೆ ಹಾಕಿದರು, ಓಡಿತು. ಎಷ್ಟು ಸಲೀಸಾಗಿ ಓಡಿತು ಅಂದರೆ ನೋಡಿದವರಲ್ಲಿ ಕೆಲವರಿಗೆ ಮಾತ್ರ ಅದು ಗೊತ್ತಾಯಿತು. ಇದನ್ನು ಆಮೇಲೆ ಬರೆದವನು ರುಡಾಲ್ಫ್ ಡೀಸೆಲ್ಲೇ. ಮುಂದೊಂದು ದಿನ ಸಸ್ಯದ ಎಣ್ಣೆಗೂ ಬೆಲೆ ಬರಬಹುದು ಅಂತಲೂ ಅವನು ಹೇಳಿದ. ಮುಚ್ಚಿಹಾಕುವಂಥದ್ದೇನೂ ಇರಲಿಲ್ಲ. ಕ್ರೂಡ್ ಅಗ್ಗವಾಗಿ ಸಿಕ್ಕಿತು, ಅಷ್ಟೇ. ಆಮೇಲೆ ಎಂಜಿನ್ನಿಗೆ ಇಂಧನ ಚಿಮ್ಮುವ ಪಂಪು, ನಾಜಲ್ಲುಗಳನ್ನು ತೆಳ್ಳನೆಯ ಡೀಸೆಲ್ಲಿಗೆ ಹೊಂದುವ ಹಾಗೆ ತಿದ್ದುತ್ತಾ ಬಂದರು.

ತೆಳ್ಳಗೆ, ಮಂದ. ಇಡೀ ಕತೆ ಇದರ ಮೇಲೆ ನಿಂತಿದೆ.

40 ಡಿಗ್ರಿ ಶಾಖದಲ್ಲಿ ಡೀಸೆಲ್ಲಿನ ಮಂದತೆ 2ರಿಂದ 4.5 ಸೆಂಟಿಸ್ಟೋಕ್ (ಮಂದತೆ ಅಳೆಯುವ ಮಾನ) ಒಳಗೆ ಇರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಹೊಂಗೆ ಎಣ್ಣೆಯದು ಅದೇ ಶಾಖದಲ್ಲಿ 40ರ ಆಸುಪಾಸು. ಹತ್ತು ಪಟ್ಟು. ನಾಜಲ್ಲಿನ ಕೆಲಸ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಕೆಲಸದಂಥದ್ದೇ. ದ್ರಾವಣ ಗಟ್ಟಿಯಾದರೆ ಮಂಜು ಬರುವುದಿಲ್ಲ, ಧಾರೆ ಬೀಳುತ್ತದೆ. ಎಂಜಿನ್ನಿನಲ್ಲಿ ಆ ಧಾರೆ ಪೂರ್ತಿ ಉರಿಯುವುದಿಲ್ಲ. ಸ್ವಲ್ಪ ನಾಜಲ್ ಮೂತಿಯಲ್ಲೇ ಕರಕಾಗಿ ಕೂರುತ್ತದೆ. ಸ್ವಲ್ಪ ಪಿಸ್ಟನ್ ರಿಂಗಿನ ತೋಡಿಗೆ ಇಳಿದು ರಿಂಗನ್ನು ಅಂಟಿಸುತ್ತದೆ. ಇನ್ನೂ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಜಾರಿ ಕೆಳಗಿನ ಎಂಜಿನ್ ಆಯಿಲ್ ಸೇರುತ್ತದೆ. ಅಪಾಯ ಇರುವುದು ಈ ಕೊನೆಯದರಲ್ಲಿ. ಡೀಸೆಲ್ ಸೇರಿದರೆ ಒಂದಿಷ್ಟಾದರೂ ಬಿಸಿಗೆ ಆರಿ ಹೋಗುತ್ತದೆ. ಗಿಡದ ಎಣ್ಣೆ ಆರುವುದಿಲ್ಲ. ಬಿಸಿ, ಗಾಳಿ, ಲೋಹದ ಪುಡಿ ಎಲ್ಲ ಸೇರಿ ಅದರ ಅಣುಗಳು ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತವೆ. ಪಾಲಿಮರ್ ಪಾಠದಲ್ಲಿ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಕೊನೆಗೆ ಸಂಪಿನಲ್ಲಿ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯಲ್ಲಿ, ಇರುವುದು ಆಯಿಲ್ ಅಲ್ಲ, ಜಿಗುಟು ಮಡ್ಡಿ.

ಬಿಸಿ ಮಾಡಿದರೆ? 80 ಡಿಗ್ರಿಗೆ ಬಂದರೆ ಮಂದತೆ ಮೂರು ನಾಲ್ಕು ಪಟ್ಟು ಇಳಿಯುತ್ತದೆ. ಡೀಸೆಲ್ಲಿನಷ್ಟು ತೆಳ್ಳಗಾಗುವುದಿಲ್ಲ. ಆದರೆ ಸರಿಯಾದ ಎಂಜಿನ್ ಇದ್ದರೆ ಅಷ್ಟು ಸಾಕು.

ಸರಿಯಾದ ಎಂಜಿನ್ ನಮ್ಮ ಹಿತ್ತಿಲಲ್ಲೇ ನಿಂತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ತಮ್ಮನಿಂದ. ಅಮೆರಿಕದಲ್ಲಿ ಹೋಟೆಲಿನ ಕರಿದ ಎಣ್ಣೆ ಹಾಕಿ ಗಾಡಿ ಓಡಿಸುವವರು ಹುಡುಕಿಕೊಂಡು ಹೋಗಿ ಕೊಳ್ಳುವುದು ಹಳೇ ಮರ್ಸಿಡಿಸ್ 240ಡಿ ಮತ್ತು 300ಡಿ. ಆ 240ಡಿ ಒಳಗೆ ಇರುವುದು ಒಎಂ 616 ಅನ್ನೋ ನಾಲ್ಕು ಸಿಲಿಂಡರಿನ 2.4 ಲೀಟರ್ ಎಂಜಿನ್. 1980ರ ದಶಕದಲ್ಲಿ ಬಜಾಜ್ ಟೆಂಪೋದವರು, ಅಂದರೆ ಈಗಿನ ಫೋರ್ಸ್ ಮೋಟಾರ್ಸ್, ಡೈಮ್ಲರ್-ಬೆಂಜ್‌ನಿಂದ ಲೈಸೆನ್ಸ್ ತಗೊಂಡು ನಮ್ಮ ದೇಶದಲ್ಲಿ ಮಾಡಿದ್ದು ಅದೇ ಎಂಜಿನ್ನನ್ನು. ಟ್ರ್ಯಾಕ್ಸಿಗೆ, ಟ್ರಾವೆಲರ್‌ಗೆ ಹಾಕಿದ್ದು ಅದನ್ನೇ. "ಅಕ್ಕಾ, ನಮ್ಮದು ಬೆಂಜ್ ಕಣೇ" ಅಂತ ತಮ್ಮ ಕುಣಿದಾಡಿದ. ಅಪ್ಪ ಟಿವಿಯಿಂದ ತಲೆ ತಿರುಗಿಸದೆ, "ನಂಗೊತ್ತು, ಕೊಂಡಾಗಲೇ ಡೀಲರ್ ಹೇಳಿದ್ದ" ಅಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೋ.

ಇದರ ಗುಣ ಏನು ಅಂದರೆ, ಡೀಸೆಲ್ಲನ್ನು ನೇರ ಪಿಸ್ಟನ್ ತಲೆಗೆ ಚಿಮ್ಮುವುದಿಲ್ಲ. ಹೆಡ್ಡಿನಲ್ಲಿ ಒಂದು ಪುಟ್ಟ ಕೋಣೆ ಇದೆ, ಪ್ರಿ-ಚೇಂಬರ್ ಅನ್ನುತ್ತಾರೆ. ಎಂಜಿನ್ ಓಡುವಾಗ ಅದು ಚೆನ್ನಾಗಿ ಕಾದಿರುತ್ತದೆ. ಮೊದಲು ಅಲ್ಲಿ ಹೊತ್ತಿ, ಆಮೇಲೆ ಬೆಂಕಿ ಸಿಲಿಂಡರಿಗೆ ನುಗ್ಗುತ್ತದೆ. ಸಿಂಪಡಿಕೆ ಸ್ವಲ್ಪ ಒರಟಾಗಿದ್ದರೂ ಆ ಬಿಸಿ ಕೋಣೆ ಸಂಭಾಳಿಸಿಕೊಳ್ಳುತ್ತದೆ. ನಾಜಲ್ಲು ಪಿಂಟಲ್ ಜಾತಿಯದು, ಅಂದರೆ ಒಂದೇ ತೂತಿನದು, ಸುಮಾರು 115–120 ಬಾರ್ ಒತ್ತಡಕ್ಕೇ ತೆರೆಯುತ್ತದೆ. ಪಂಪು ಇನ್‌ಲೈನ್, ಸಿಲಿಂಡರಿಗೊಂದರಂತೆ ನಾಲ್ಕು ಎಲಿಮೆಂಟು, ಎಂಜಿನ್ ಆಯಿಲ್ಲೇ ಅದರ ಕೆಳಭಾಗಕ್ಕೆ ಗ್ರೀಸು. ಅದೇ ರೋಟರಿ ಪಂಪಾದರೆ ಒಳಗಿನ ಗ್ರೀಸಿನ ಕೆಲಸವೂ ಇಂಧನದಿಂದಲೇ ಆಗಬೇಕು. ತಣ್ಣನೆಯ ಮಂದ ಎಣ್ಣೆ ನುಗ್ಗಿದರೆ ಒಳಗಿನ ರೋಟರ್ ಸಿಕ್ಕಿಬಿದ್ದು ಶಾಫ್ಟ್ ಮುರಿಯುವುದುಂಟು.

ಈಗಿನ ಸಿಆರ್‌ಡಿಐ (ಹೊಸ ಮಾದರಿಯ ಡೀಸೆಲ್) ಕಾರುಗಳಲ್ಲಿ ಒತ್ತಡ 1600 ಬಾರ್, ಅದಕ್ಕೂ ಮೇಲೆ. ಇಂಜೆಕ್ಟರಿನ ತೂತುಗಳು ಕೂದಲಿನಷ್ಟು ಸಣ್ಣ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ನಿಯಮದ) ಡೀಸೆಲ್ ಗಾಡಿಗಳಿಗೆ ಸೈಲೆನ್ಸರಿನಲ್ಲಿ ಡಿಪಿಎಫ್ ಅನ್ನೋ ಮಸಿ ಹಿಡಿಯುವ ಫಿಲ್ಟರ್ ಬೇರೆ. ಅದರ ಮಸಿ ಸುಡೋಕೆ ಎಷ್ಟೋ ಎಂಜಿನ್ನುಗಳು ಕೊನೆಯಲ್ಲಿ ಒಂದಿಷ್ಟು ಇಂಧನವನ್ನು ಹೆಚ್ಚಾಗಿ ಚಿಮ್ಮುತ್ತವೆ. ಅಲ್ಲಿ ಗಿಡದ ಎಣ್ಣೆ ಇದ್ದರೆ ಎಲ್ಲಿಗೆ ಹೋಗುತ್ತದೆ? ನೇರ ಸಂಪಿಗೆ. ಒಂದು ಇಂಜೆಕ್ಟರಿನ ಬೆಲೆ ಶೋರೂಮಿನಲ್ಲಿ ಕೇಳಿ ನೋಡಿ. ನಾಲ್ಕರಿಂದ ಗುಣಿಸಿ. ಪಂಕ್ತಿಯಲ್ಲಿ ಕೂತ ಎಲ್ಲ ಚಿಕ್ಕಪ್ಪ ದೊಡ್ಡಪ್ಪಂದಿರಿಗೂ ನನ್ನ ಉತ್ತರ ಇಷ್ಟೇ: ಬೇಡ.

ನಮ್ಮ ಗಾಡಿಗೆ ಏನು ಮಾಡಿದೆವು ಹೇಳುತ್ತೇನೆ.

ಡೀಸೆಲ್ ಟ್ಯಾಂಕು ಹಾಗೇ ಇದೆ. ಹಿಂದಿನ ಸೀಟಿನ ಜಾಗದಲ್ಲಿ ಇನ್ನೊಂದು ಸ್ಟೀಲ್ ಟ್ಯಾಂಕು ಕೂರಿಸಿದೆವು. ಅದರೊಳಗೆ ಸುರುಳಿ ಪೈಪು. ರೇಡಿಯೇಟರಿಗೆ ಹೋಗುವ ಬಿಸಿ ನೀರಿನ ಒಂದು ಕವಲು ಆ ಸುರುಳಿಯಲ್ಲಿ ಸುತ್ತಿ ವಾಪಸ್ ಬರುತ್ತದೆ. ಮೇಸ್ತ್ರಿ ತಾಮ್ರದ ಪೈಪು ತಂದಿದ್ದರು, ಬಗ್ಗಿಸೋಕೆ ಸುಲಭ ಅಂತ. ನಾನು ಬೇಡ ಅಂದೆ. ಬಿಸಿ ಎಣ್ಣೆ ತಾಮ್ರಕ್ಕೆ ತಾಗಿಕೊಂಡಿದ್ದರೆ ಬೇಗ ಕಮಟುತ್ತದೆ, ಬೇಗ ಅಂಟಾಗುತ್ತದೆ. ತಾಮ್ರ ಅಲ್ಲಿ ಕ್ಯಾಟಲಿಸ್ಟ್. "ಮೇಡಂ, ಇದು ಲ್ಯಾಬಲ್ಲ, ಗ್ಯಾರೇಜು" ಅಂತ ಗೊಣಗಿದರೂ ಸ್ಟೇನ್‌ಲೆಸ್ ಪೈಪು ತಂದು ಬಗ್ಗಿಸಿ ಕೊಟ್ಟರು. ಎಣ್ಣೆಗೆ ಪ್ರತ್ಯೇಕ ಫಿಲ್ಟರ್, ಅದರ ಸುತ್ತಲೂ ಬಿಸಿ ನೀರು. ಟ್ಯಾಂಕು ಬಿಸಿಯಾಗಿದ್ದು ಫಿಲ್ಟರ್ ತಣ್ಣಗಿದ್ದರೆ ಪಡುವ ಪಾಡೆಲ್ಲ ಅಲ್ಲಿ ವ್ಯರ್ಥ.

ಗೇರ್ ಪಕ್ಕ ಎರಡು ಥ್ರೀ-ವೇ ಕಾಕ್‌ಗಳನ್ನು (ಎರಡು ಕಡೆಗೆ ತಿರುಗಿಸಬಹುದಾದ ನಲ್ಲಿಗಳನ್ನು) ಒಂದೇ ಕಡ್ಡಿಗೆ ಜೋಡಿಸಿದೆವು. ಒಂದು ಎಣ್ಣೆ ಬರುವ ಲೈನಿಗೆ, ಇನ್ನೊಂದು ರಿಟರ್ನ್ ಲೈನಿಗೆ. ಇಂಟರ್ನೆಟ್ಟಿನ ಎಷ್ಟೋ ಚಿತ್ರಗಳಲ್ಲಿ ಈ ರಿಟರ್ನ್ ಲೈನೇ ಇರುವುದಿಲ್ಲ. ಪಂಪು ಮತ್ತು ನಾಜಲ್ಲಿನಿಂದ ಉಳಿದದ್ದು ವಾಪಸ್ ಟ್ಯಾಂಕಿಗೆ ಹೋಗುತ್ತದೆ ಅಲ್ವಾ? ಅದನ್ನೂ ಜೊತೆಗೇ ತಿರುಗಿಸದಿದ್ದರೆ ಹೊಂಗೆ ಎಣ್ಣೆ ಡೀಸೆಲ್ ಟ್ಯಾಂಕಿಗೆ ಬೀಳುತ್ತಾ ಹೋಗುತ್ತದೆ. ಮಾರನೇ ದಿನ ಬೆಳಿಗ್ಗೆ ಶುದ್ಧ ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡುತ್ತಿದ್ದೇವೆ ಅಂದುಕೊಂಡು ಮಿಕ್ಸ್ಚರಿನಲ್ಲಿ ಸ್ಟಾರ್ಟ್ ಮಾಡುತ್ತಿರುತ್ತೇವೆ.

ಓಡಿಸುವ ಕ್ರಮ ಸರಳ. ಹೀಟರ್ ಪ್ಲಗ್ ಹಾಕಿ ಡೀಸೆಲ್ಲಿನಲ್ಲೇ ಸ್ಟಾರ್ಟ್. ನೀರು ಬಿಸಿಯಾಗಿ, ಎಣ್ಣೆ 65 ಡಿಗ್ರಿ ದಾಟಿದ ಮೇಲೆ ಕಡ್ಡಿ ತಿರುಗಿಸುವುದು. ನಿಲ್ಲಿಸುವ ಮೊದಲು ಮತ್ತೆ ಡೀಸೆಲ್ಲಿಗೆ ತಿರುಗಿಸಿ, ಪಂಪು, ಪೈಪು, ನಾಜಲ್ಲಿನಲ್ಲಿ ಇರುವ ಎಣ್ಣೆಯೆಲ್ಲ ಉರಿದು ಹೋಗುವ ತನಕ ಓಡಿಸಿ ಆಫ್ ಮಾಡುವುದು. ಅದನ್ನು ಮರೆತರೆ ರಾತ್ರಿ ಪಂಪಿನೊಳಗೆ ಎಣ್ಣೆ ತಣ್ಣಗಾಗಿ ಕೂತು, ಡಿಸೆಂಬರ್ ಬೆಳಿಗ್ಗೆ ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯಬೇಕು. ಕೀ ಗೊಂಚಲಿಗೆ ತಮ್ಮ ಒಂದು ಕೆಂಪು ಟೇಪು ಸುತ್ತಿದ್ದಾನೆ, ನೆನಪಿಗೆ.

ಇಲ್ಲಿ ಒಂದು ಮಾತು. ಹತ್ತು ನಿಮಿಷದ ಓಡಾಟಕ್ಕೆ ಇದೆಲ್ಲ ದಂಡ. ಎಣ್ಣೆ ಬಿಸಿಯಾಗುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ. ಕಾಯಿ ಕೆಡವಿದ ದಿನ, ಗೊಬ್ಬರ ಹೊಡೆಯುವ ದಿನ, ಬೆಳಿಗ್ಗೆಯಿಂದ ಸಂಜೆ ತನಕ ಗಾಡಿ ನಿಲ್ಲದೆ ಓಡಾಡುವಾಗ ಮಾತ್ರ ಹೊಂಗೆ. ಉಳಿದ ದಿನ ಡೀಸೆಲ್.

ಪಿಕಪ್ಪಿನಲ್ಲಿ ವ್ಯತ್ಯಾಸ ತಿಳಿಯುವುದು ಕಮ್ಮಿ. ಗಿಡದ ಎಣ್ಣೆಯಲ್ಲಿ ಡೀಸೆಲ್ಲಿಗಿಂತ ಶಾಖ ಸ್ವಲ್ಪ ಕಡಿಮೆ, ಆದರೆ ಲೀಟರಿಗೆ ತೂಕ ಜಾಸ್ತಿ. ಹಾಗಾಗಿ ಲೀಟರ್ ಲೆಕ್ಕದಲ್ಲಿ ನಷ್ಟ ಶೇ 10ರ ಒಳಗೇ. ಶಬ್ದ ಸ್ವಲ್ಪ ಮೆತ್ತಗಾಗುತ್ತದೆ. ಹೊಗೆಗೆ ಹೊಂಗೆಯ ಕಹಿ ಘಾಟು. ಅಪ್ಪನಿಗೆ ಅದು ಹಳೇ ದೀಪದ ವಾಸನೆ. ಸೀಮೆಎಣ್ಣೆ ಊರಿಗೆ ಬರುವ ಮುಂಚೆ ನಮ್ಮ ಕಡೆ ದೀಪಕ್ಕೆ ಹಾಕುತ್ತಿದ್ದುದು ಇದನ್ನೇ.

ಎಂಜಿನ್ ಆಯಿಲ್ ಮೊದಲಿನ ಅರ್ಧ ಅವಧಿಗೇ ಬದಲಾಯಿಸುತ್ತೇವೆ. ಇದರಲ್ಲಿ ಜಿಪುಣತನ ಮಾಡುವ ಹಾಗಿಲ್ಲ. ನಾಜಲ್ಲುಗಳನ್ನು ಹಾಸನಕ್ಕೆ ಕೊಂಡುಹೋಗಿ ಪಂಪ್-ನಾಜಲ್ ಅಂಗಡಿಯಲ್ಲಿ ಪ್ರೆಶರ್ ನೋಡಿಸಿದೆವು. ಮೂತಿಗೆ ಒಂದಿಷ್ಟು ಮಸಿ ಇತ್ತು, ಸ್ಪ್ರೇ ಸರಿ ಇತ್ತು. ಅಂಗಡಿಯವರು ಬಟ್ಟೆಯಲ್ಲಿ ಒರೆಸಿ ಮೂಸಿ ನೋಡಿ, "ಇದೇನ್ರೀ, ಗೊಬ್ಬರದಂಗಡಿ ವಾಸನೆ?" ಅಂದರು. ಹೊಂಗೆ ಹಿಂಡಿ ಮಾರುವ ಅಂಗಡಿಗೆ ಹೋಗಿದ್ದವರು ಇರಬೇಕು.

ಈಗ ಬೀಜದ ಪ್ರಶ್ನೆ. ಇದೇ ದೊಡ್ಡದು.

ಅಡುಗೆ ಎಣ್ಣೆ ಹಾಕೋದು ಅಂದರೆ ಮೊದಲಿಗೇ ದಡ್ಡತನ. ಸೂರ್ಯಕಾಂತಿ ಎಣ್ಣೆ ಲೀಟರಿಗೆ ಡೀಸೆಲ್ಲಿಗಿಂತ ದುಬಾರಿ. ಮೇಲಾಗಿ ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಹೊರದೇಶದ ಕ್ರೂಡ್ ಉಳಿಸೋಕೆ ಹೊರದೇಶದ ಪಾಮಾಯಿಲ್ ಸುಡೋದಾ? ನಮ್ಮದು ತೆಂಗಿನ ಸೀಮೆ, ಹಾಗಾಗಿ ಕೊಬ್ಬರಿ ಎಣ್ಣೆ ಯಾಕಾಗಬಾರದು ಅಂತಲೂ ಕೇಳುತ್ತಾರೆ. ಆಗುತ್ತದೆ. 1990ರ ದಶಕದಲ್ಲಿ ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪಕ್ಕೆ ಸರ್ಕಾರ ದಿಗ್ಬಂಧನ ಹಾಕಿದಾಗ ಅಲ್ಲಿಯ ಜನ ಕೊಬ್ಬರಿ ಎಣ್ಣೆಯಲ್ಲೇ ಜೀಪುಗಳನ್ನು ಓಡಿಸಿದರು. ಡೀಸೆಲ್ ಒಂದು ಹನಿ ಸಿಗದಿದ್ದಾಗ ಅದು ಸರಿ. ತಿಪಟೂರಿನ ಕೊಬ್ಬರಿ ರೇಟು ಗೊತ್ತಿರುವವರು ಯಾರಾದರೂ ಅದನ್ನು ಟ್ಯಾಂಕಿಗೆ ಸುರಿಯುತ್ತಾರಾ? ಮೇಲಾಗಿ ಅದು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಚಳಿಗಾಲದ ಬೆಳಗಿಗೆ ಅದು ಎಣ್ಣೆಯಲ್ಲ, ಬೆಣ್ಣೆ.

ಕರಿದ ಎಣ್ಣೆ ಇನ್ನೊಂದು ದಾರಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನವರು 2018ರ ಜುಲೈನಿಂದ ಒಂದು ಮಿತಿ ಹಾಕಿದ್ದಾರೆ. ಕಾಯಿಸಿ ಕಾಯಿಸಿ ಹುಟ್ಟುವ ಪೋಲಾರ್ ಅಂಶ ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಅಂಥದ್ದನ್ನು ಬಯೋಡೀಸೆಲ್ (ಎಣ್ಣೆಯನ್ನು ಡೀಸೆಲ್ಲಿನಂತೆ ತೆಳ್ಳಗೆ ಮಾಡಿದ ಇಂಧನ) ಮಾಡುವವರಿಗೆ ಕೊಡಿಸುವ ರುಕೋ ಅನ್ನೋ ಯೋಜನೆಯೂ ಅದೇ ವರ್ಷ ಬಂತು. ಬೆಂಗಳೂರಿನಂಥ ಕಡೆ ದೊಡ್ಡ ಹೋಟೆಲುಗಳಿಂದ ಸಂಗ್ರಹಿಸುವುದು ಸಾಧ್ಯ. ನಮ್ಮೂರ ಬಸ್‌ಸ್ಟ್ಯಾಂಡಿನ ಬೋಂಡದಂಗಡಿಯಲ್ಲಿ ಕೇಳಿದೆ. "ಮಿಕ್ಕೋದು ಅಂತ ಎಲ್ಲಿರುತ್ತೆ ಮೇಡಂ? ಕಮ್ಮಿ ಆದಂಗೆ ಮೇಲೆ ಹಾಕ್ತಾ ಇರ್ತೀವಿ" ಅಂದರು. ಬಹಳ ಪ್ರಾಮಾಣಿಕ ಉತ್ತರ. ಅವತ್ತಿನಿಂದ ಅಲ್ಲಿ ಬೋಂಡ ತಿನ್ನುವುದು ಬಿಟ್ಟಿದ್ದೇನೆ.

ಹಾಗಾಗಿ ಹೊಂಗೆ. ಬದುವಿನ ಮೇಲೆ, ಕೆರೆ ಏರಿಯ ಕೆಳಗೆ, ಬೇಲಿಯಲ್ಲಿ ಮರಗಳು ಮೊದಲೇ ಇವೆ. ದನ ಸೊಪ್ಪು ಮುಟ್ಟುವುದು ಕಡಿಮೆ, ನೀರು ಕೇಳುವುದಿಲ್ಲ, ದ್ವಿದಳ ಜಾತಿಯಾದ್ದರಿಂದ ಬೇರಿನಲ್ಲಿ ಸಾರಜನಕವನ್ನೂ ಕಟ್ಟುತ್ತದೆ. ತಿನ್ನುವ ಎಣ್ಣೆಯಲ್ಲ, ಹಾಗಾಗಿ ಯಾರ ಬಾಣಲೆಯಿಂದಲೂ ಕಿತ್ತುಕೊಂಡ ಹಾಗಾಗುವುದಿಲ್ಲ.

ಈ ದಾರಿಯಲ್ಲಿ ನಮಗಿಂತ ಮೊದಲೇ ಬಹಳ ದೂರ ಹೋದವರು ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಉಡುಪಿ ಶ್ರೀನಿವಾಸ ಅವರು 'ಸೂತ್ರ' ಅನ್ನೋ ಯೋಜನೆಯಲ್ಲಿ ಹೊಂಗೆ ಎಣ್ಣೆಯನ್ನು ಏನೂ ಬೆರೆಸದೆ ಡೀಸೆಲ್ ಜನರೇಟರುಗಳಿಗೆ ಹಾಕಿ ಓಡಿಸಿದರು. ಕಗ್ಗನಹಳ್ಳಿಯಲ್ಲಿ ಆ ಕರೆಂಟಿನಿಂದ ಬೋರ್‌ವೆಲ್ ಪಂಪುಗಳು ನೀರೆತ್ತಿದವು. ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ ಅವರು ಕಾರು, ಬಸ್ಸು ಅಂತ ಹೋಗಲಿಲ್ಲ. ಒಂದೇ ಜಾಗದಲ್ಲಿ ನಿಂತು, ಒಂದೇ ವೇಗದಲ್ಲಿ, ಒಂದೇ ಲೋಡಿನಲ್ಲಿ ಗಂಟೆಗಟ್ಟಲೆ ಓಡುವ ಎಂಜಿನ್ ಹಿಡಿದರು. ಮಂದ ಎಣ್ಣೆಗೆ ಒಗ್ಗುವುದು ಅಂಥ ಎಂಜಿನ್. ನಿಮಿಷಕ್ಕೊಮ್ಮೆ ನಿಂತು ಹೊರಡುವ ಗಾಡಿ ಅಲ್ಲ.

ಆಮೇಲೆ ದೇಶದಲ್ಲೆಲ್ಲ ಜಟ್ರೋಫಾ ಹುಚ್ಚು ಬಂತು. ಅದೇ, ನಾವು ಕಾಡುಹರಳು ಅನ್ನೋದು. ಪಾಳು ಜಮೀನಿನಲ್ಲಿ ನೀರಿಲ್ಲದೆ ಬಂಗಾರ ಬೆಳೆಯುತ್ತದೆ ಅಂದರು. ನೀರಿಲ್ಲದೆ ಗಿಡ ಬದುಕಿತು, ಕಾಯಿ ಬಿಡಲಿಲ್ಲ. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2017ರ ಹೊತ್ತಿಗೆ ಡೀಸೆಲ್ಲಿಗೆ ಶೇ 20 ಬಯೋಡೀಸೆಲ್ ಬೆರೆಸುವ ಗುರಿ ಇತ್ತು. 2018ರ ನೀತಿಯಲ್ಲಿ ಬಯೋಡೀಸೆಲ್ ಗುರಿ 2030ಕ್ಕೆ ಶೇ 5 ಅಂತಾಯಿತು. ಆ ಎರಡು ಅಂಕಿ ನೋಡಿದರೆ ನಡುವೆ ಏನಾಯಿತು ಅಂತ ಗೊತ್ತಾಗುತ್ತದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕಿನವರು ಮಾತ್ರ ಬೇರೆ ಮಾತು ಹೇಳುತ್ತಿದ್ದರು. ಒಂದೇ ಗಿಡಕ್ಕೆ ಜೋತುಬೀಳಬೇಡಿ, ಹೊಲಕ್ಕೆ ನೆಡಬೇಡಿ. ಹೊಂಗೆ, ಬೇವು, ಹಿಪ್ಪೆ, ಸೀಮರೂಬ, ಜಟ್ರೋಫಾ ಎಲ್ಲ ಬದುವಿಗೆ ಹಾಕಿ. ವರ್ಷದಲ್ಲಿ ಬೇರೆ ಬೇರೆ ತಿಂಗಳು ಒಂದಿಷ್ಟು ಬೀಜ ಸಿಗುತ್ತದೆ. ನಾನು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೇನೆ. ಬೀಜ ಸುಲಿಯುವುದರಿಂದ ಹಿಡಿದು ಬಯೋಡೀಸೆಲ್ ತನಕ ಎಲ್ಲ ಕಣ್ಣೆದುರೇ ನೋಡಬಹುದಾದ ಜಾಗ.

ನಮ್ಮ ಲೆಕ್ಕ ಹೀಗೆ. ಬೇಸಿಗೆಯಲ್ಲಿ ಕಾಯಿ ಉದುರುತ್ತದೆ. ಆರಿಸಬೇಕು, ಒಣಗಿಸಬೇಕು, ಬಡಿದು ಸಿಪ್ಪೆ ಬಿಡಿಸಬೇಕು. ಆಮೇಲೆ ಎಕ್ಸ್‌ಪೆಲ್ಲರಿಗೆ, ಅಂದರೆ ಎಣ್ಣೆ ತೆಗೆಯುವ ಮೆಷಿನ್ನಿಗೆ. ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಲೀಟರ್ ಎಣ್ಣೆ, ಮೂರು ಕಿಲೋ ಹಿಂಡಿ. ಕೂಲಿ ಕೊಟ್ಟು ಆರಿಸಿದರೆ ಆ ಲೀಟರಿನ ಬೆಲೆ ಬಂಕಿನ ಡೀಸೆಲ್ ದಾಟಿ ಹೋಗುತ್ತದೆ. ಬೀಜ ಕೊಂಡು ಮಾಡಿದರೂ ಅಷ್ಟೇ. ಸೋಪಿನವರು, ಚರ್ಮ ಹದ ಮಾಡುವವರು, ಸಾವಯವ ಕೃಷಿಯಲ್ಲಿ ಕೀಟಕ್ಕೆ ಸಿಂಪಡಿಸುವವರು, ಎಲ್ಲರೂ ಇದೇ ಎಣ್ಣೆಗೆ ಕಾಯುತ್ತಿರುತ್ತಾರೆ. ಅವರು ಕೊಡುವ ದರಕ್ಕೆ ಎಂಜಿನ್ ಸರಿಗಟ್ಟುವುದಿಲ್ಲ. ನಮಗೆ ಗಿಟ್ಟುವುದು ಮರ ನಮ್ಮದೇ ಆಗಿರುವುದರಿಂದ, ಬೇಸಿಗೆಯಲ್ಲಿ ತೋಟದ ಆಳುಗಳಿಗೆ ಬೇರೆ ಕೆಲಸ ಕಮ್ಮಿ ಇರುವುದರಿಂದ, ಹಿಂಡಿಯನ್ನು ಹೇಗೂ ತೆಂಗಿನ ಬುಡಕ್ಕೆ ಕೊಂಡು ಹಾಕುತ್ತಿದ್ದುದರಿಂದ. ಹಿಂಡಿಯಲ್ಲಿ ಸಾರಜನಕ ಶೇ 4ರ ಸುತ್ತಮುತ್ತ ಇರುತ್ತದೆ. ನನ್ನ ಪ್ರಕಾರ ನಮ್ಮ ನಿಜವಾದ ಬೆಳೆ ಹಿಂಡಿ. ಎಣ್ಣೆ ಅದರ ಜೊತೆಗೆ ಬಂದದ್ದು. ತಮ್ಮ ಇದನ್ನು ಒಪ್ಪುವುದಿಲ್ಲ.

ಗಾಣದಿಂದ ಬಂದ ಎಣ್ಣೆ ನೇರ ಟ್ಯಾಂಕಿಗೆ ಹೋಗಬಾರದು. ಅದರಲ್ಲಿ ಗೋಂದು ಇರುತ್ತದೆ. ಸ್ವಲ್ಪ ಬಿಸಿ ನೀರು ಬೆರೆಸಿ ಕಲಕಿ ಬಿಟ್ಟರೆ ಅದು ಉಬ್ಬಿ ತಳಕ್ಕೆ ಇಳಿಯುತ್ತದೆ. ಮೇಲಿನದನ್ನು ಬೇರೆ ಮಾಡಿ, ನೀರಿನ ಪಸೆ ಹೋಗುವ ತನಕ ಕಾಯಿಸಿ, ವಾರಗಟ್ಟಲೆ ಡ್ರಮ್ಮಿನಲ್ಲಿ ಬಿಟ್ಟು, ದಟ್ಟ ಬಟ್ಟೆಯಲ್ಲಿ ಸೋಸಿ, ಕೊನೆಗೆ ಫಿಲ್ಟರ್ ಕಾರ್ಟ್ರಿಜ್. ಹುಳಿ ಎಷ್ಟಿದೆ ಅಂತ ನಾನು ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದು ನೋಡುತ್ತೇನೆ. ಮಳೆಗೆ ನೆನೆದ ಬೀಜದ ಎಣ್ಣೆಯಲ್ಲಿ ಫ್ರೀ ಫ್ಯಾಟಿ ಆಸಿಡ್ ತುಂಬಾ ಜಾಸ್ತಿ. ಅಂಥದ್ದು ಪಂಪನ್ನು ತಿನ್ನುತ್ತದೆ. ಅದನ್ನು ಬೇಲಿ ಗೂಟಗಳಿಗೆ ಗೆದ್ದಲು ಹತ್ತದ ಹಾಗೆ ಬಳಿಯೋಕೆ ಇಟ್ಟಿದ್ದೇವೆ.

"ಬಯೋಡೀಸೆಲ್ಲೇ ಮಾಡಬಹುದಲ್ಲ ಮಿಸ್?" ಅಂತ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಾನೆ. ಮಾಡಬಹುದು. ಒಂದು ಲೀಟರ್ ಎಣ್ಣೆಗೆ 200 ಎಂಎಲ್ ಮೆಥನಾಲ್, ಮೂರೂವರೆ ಗ್ರಾಂ ಕಾಸ್ಟಿಕ್ ಸೋಡಾ, ಜೊತೆಗೆ ಎಣ್ಣೆಯ ಹುಳಿ ಮುರಿಯಲು ಬೇಕಾದ ಇನ್ನಷ್ಟು. 60 ಡಿಗ್ರಿಯಲ್ಲಿ ಕಲಕಿದರೆ ಗ್ಲಿಸರಿನ್ ಕಪ್ಪಗೆ ಕೆಳಗೆ ಕೂರುತ್ತದೆ, ಮೇಲೆ ತಿಳಿಯಾದ ಎಸ್ಟರ್, ಅದೇ ಬಯೋಡೀಸೆಲ್. ಮಂದತೆ 4–6 ಸೆಂಟಿಸ್ಟೋಕಿಗೆ ಇಳಿದಿರುತ್ತದೆ. ಗಾಡಿ ಬದಲಾಯಿಸುವ ಬದಲು ಎಣ್ಣೆಯನ್ನೇ ಬದಲಾಯಿಸಿದ ಹಾಗೆ. ತರಗತಿಯಲ್ಲಿ ಮಾಡಿ ತೋರಿಸಿದರೆ ಮಕ್ಕಳ ಕಣ್ಣು ಅರಳುತ್ತದೆ. ಮನೆಯಲ್ಲಿ ಡ್ರಮ್ಮುಗಟ್ಟಲೆ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೆಥನಾಲ್ ಕಣ್ಣು ಕಳೆಯುತ್ತದೆ, ಜೀವ ತೆಗೆಯುತ್ತದೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹತ್ತಿಕೊಂಡರೆ ಹಗಲಿನಲ್ಲಿ ಉರಿ ಕಾಣುವುದೇ ಇಲ್ಲ. ಹೊಂಗೆಯಂಥ ಹುಳಿ ಎಣ್ಣೆಗೆ ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಒಂದು ಸುತ್ತು ಮಾಡಬೇಕು, ಇಲ್ಲದಿದ್ದರೆ ಬರೀ ಸೋಪಾಗುತ್ತದೆ. ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಇದು ಮಡೆನೂರಿನಂಥ ಕಡೆ ಮಾಡುವ ಕೆಲಸ. ಹಿತ್ತಿಲಲ್ಲಿ ಅಲ್ಲ.

ಯಾರಿಗಾದರೂ ಇಷ್ಟೆಲ್ಲ ಓದಿದ ಮೇಲೂ ಕೈ ತುರಿಸುತ್ತಿದ್ದರೆ, ಗಾಡಿ ಬಿಟ್ಟು ಹಳೇ 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ಟಿನಿಂದ ಶುರು ಮಾಡಿ. ಮೊದಲು ಡೀಸೆಲ್ಲಿಗೆ ಶೇ 20ರಷ್ಟು ಸೋಸಿದ ಹೊಂಗೆ ಎಣ್ಣೆ ಬೆರೆಸಿ. ಹೊಗೆ ನೋಡಿ, ಆಯಿಲ್ ಬೇಗ ಬದಲಾಯಿಸಿ, ನಾಜಲ್ ಬಿಚ್ಚಿ ನೋಡಿ. ಎಣ್ಣೆ ಪೈಪನ್ನು ಸೈಲೆನ್ಸರಿಗೆ ಸುತ್ತಿ ಬಿಸಿ ಮಾಡುವವರಿದ್ದಾರೆ. ಅದಕ್ಕಿಂತ ಎಂಜಿನ್ನಿನಿಂದ ಹೊರಗೆ ಬರುವ ಬಿಸಿ ನೀರು ವಾಸಿ, ಎಣ್ಣೆ ಸೀಯುವುದಿಲ್ಲ. ಕೆಟ್ಟರೂ ಬಾವಿಕಟ್ಟೆಯಲ್ಲೇ ಕೆಡುತ್ತದೆ, ರಸ್ತೆ ಮಧ್ಯದಲ್ಲಲ್ಲ.

ತಮ್ಮನಿಗೆ ಈಗ ಸ್ವಂತ ಎಕ್ಸ್‌ಪೆಲ್ಲರ್ ಕೊಳ್ಳುವ ಆಸೆ. ಸುತ್ತಲಿನವರ ಬೀಜವನ್ನೂ ಅರೆದು ಕೊಟ್ಟು ಅದರಲ್ಲೇ ಸಾಲ ತೀರಿಸುತ್ತಾನಂತೆ. ವರ್ಷದಲ್ಲಿ ಎರಡು ಮೂರು ತಿಂಗಳು ಓಡುವ ಮೆಷಿನ್ನಿಗೆ ಬ್ಯಾಂಕು ಸಾಲ ಕೊಟ್ಟರೂ ನಾನು ಜಾಮೀನು ಹಾಕುವುದಿಲ್ಲ ಅಂದಿದ್ದೇನೆ. ಹೊಂಗೆ ಮುಗಿದ ಮೇಲೆ ಬೇವಿನ ಬೀಜ, ಹಿಪ್ಪೆ ಬೀಜ ಅರೆಯುತ್ತೇನೆ ಅನ್ನುತ್ತಾನೆ. ಹಿಪ್ಪೆ ಮರ ನಮ್ಮ ಸುತ್ತ ಎಷ್ಟಿವೆ ಅಂತ ಎಣಿಸಿಕೊಂಡು ಬಾ ಅಂತ ಕಳಿಸಿದ್ದೇನೆ. ಇನ್ನೂ ಎಣಿಸುತ್ತಿದ್ದಾನೆ.